ಎಲ್‌ಎಂಎಸ್‌ನಲ್ಲಿ ಅಡ್ಮಿನ್ ಅಧಿಕಾರ ಯಾರಿಗೆ, ಎಷ್ಟು? ಅನುಭವ ಇದ್ದವರು ಹೇಳಿ

ಹಿಂಜವಡಿ, ತರಬೇತಿ ವಿಭಾಗ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಪುಣೆಯ ಒಂದು ಉತ್ಪಾದನಾ ಕಂಪನಿಯ ತರಬೇತಿ ವಿಭಾಗಕ್ಕೆ ಈಚೆಗೆ ಸೇರಿದವಳು ನಾನು. ಮುಖ್ಯ ಕಚೇರಿ ಹಿಂಜವಡಿಯಲ್ಲಿ, ಘಟಕಗಳು ಚಾಕಣ, ಬೆಳಗಾವಿ ಮತ್ತು ಗೋವಾದಲ್ಲಿ. ಸುರಕ್ಷತಾ ತರಬೇತಿ, ಯಂತ್ರ ಚಾಲನೆಯ ತರಬೇತಿ, ಲೈಂಗಿಕ ಕಿರುಕುಳ ತಡೆ ಕಾಯ್ದೆಯ ತರಬೇತಿ ಎಲ್ಲವೂ ಮೂಡಲ್ ಎಂಬ ತಂತ್ರಾಂಶ ಆಧರಿಸಿದ ಎಲ್‌ಎಂಎಸ್‌ನಲ್ಲೇ, ಅಂದರೆ ಆನ್‌ಲೈನ್ ತರಬೇತಿ ನಿರ್ವಹಣಾ ವ್ಯವಸ್ಥೆಯಲ್ಲೇ ನಡೆಯುತ್ತವೆ.

ಅದನ್ನು ಸ್ಥಾಪಿಸಿಕೊಟ್ಟ ಏಜೆನ್ಸಿಯವರು ಕೇಳಿದವರಿಗೆಲ್ಲ ಸೈಟ್ ಅಡ್ಮಿನ್ ಅಧಿಕಾರ ಹಂಚಿ ಹೋಗಿದ್ದಾರೆ. ಪಟ್ಟಿಯಲ್ಲಿ ಕಂಪನಿ ಬಿಟ್ಟವರ ಹೆಸರುಗಳೂ ಇವೆ. ತರಬೇತಿ ವಿಭಾಗದ ಹೆಸರಿನಲ್ಲಿ ಒಂದು ಸಾಮೂಹಿಕ ಲಾಗಿನ್ ಇದೆ. ಅದರ ಪಾಸ್‌ವರ್ಡ್ ಪ್ರತಿ ಘಟಕದ ಎಚ್‌ಆರ್ ಮೇಜಿನಲ್ಲೂ ಚೀಟಿಯ ಮೇಲೆ ಅಂಟಿಕೊಂಡಿದೆ. ಮುಂದಿನ ತ್ರೈಮಾಸಿಕದಲ್ಲಿ ಮಾಹಿತಿ ಸುರಕ್ಷತಾ ಆಡಿಟ್ ಇದೆ. ಅಧಿಕಾರ ಕಿತ್ತುಕೊಂಡರೆ ಘಟಕದವರು ಕೆಲಸ ನಿಂತಿತು ಎನ್ನುತ್ತಾರೆ, ಬಿಟ್ಟರೆ ಆಡಿಟರ್ ನನ್ನನ್ನು ಬಿಡುವುದಿಲ್ಲ. ಎಲ್ಲಿಂದ ಆರಂಭಿಸಲಿ? ಯಾರಿಗೆ ಏನು ಕೊಡಬೇಕು?

ಚಾಕಣ, ಬಿಡಿಭಾಗ ಕಾರ್ಖಾನೆ, ತರಬೇತಿ ಸಂಯೋಜಕ

ಮೇಡಂ, ಮೂಡಲ್‌ನಲ್ಲಿ ಸೈಟ್ ಅಡ್ಮಿನಿಸ್ಟ್ರೇಟರ್ ಎನ್ನುವುದು ಮ್ಯಾನೇಜರ್, ಟೀಚರ್, ಸ್ಟೂಡೆಂಟ್ ಇದ್ದ ಹಾಗೆ ಒಂದು ರೋಲ್ (ಅನುಮತಿಗಳ ಕಟ್ಟು) ಅಲ್ಲ. ಅದು ರೋಲ್‌ಗಳ ಲೆಕ್ಕಕ್ಕೇ ಸಿಗುವುದಿಲ್ಲ. ಬೇರೆ ಯಾರೇ ಒಂದು ಬಟನ್ ಒತ್ತಿದರೂ ಇವರಿಗೆ ಇದಕ್ಕೆ ಅನುಮತಿ ಇದೆಯೇ ಎಂದು ವ್ಯವಸ್ಥೆ ಮೊದಲು ಪರಿಶೀಲಿಸುತ್ತದೆ. ಸೈಟ್ ಅಡ್ಮಿನ್ ಬಂದರೆ ಆ ಪರಿಶೀಲನೆಯೇ ಇಲ್ಲ. ಹೀಗಾಗಿ ಅಡ್ಮಿನ್ ಆಗಿಯೇ ಇರಲಿ, ಸ್ವಲ್ಪ ಕಡಿಮೆ ಮಾಡೋಣ ಎಂಬ ಮಧ್ಯದ ದಾರಿ ಇಲ್ಲಿಲ್ಲ. ಒಂದೋ ಆ ಪಟ್ಟಿಯಲ್ಲಿ ಹೆಸರು ಇರುತ್ತದೆ, ಇಲ್ಲವೋ ಇರುವುದಿಲ್ಲ. ಘಟಕದ ಎಚ್‌ಆರ್‌ಗಳ ಹೆಸರು ಅಲ್ಲಿ ಇರಕೂಡದು.

ಹಾಗಾದರೆ ಅವರಿಗೆ ಏನು ಕೊಡುವುದು? ಇಲ್ಲಿ ಎರಡು ಪ್ರಶ್ನೆಗಳಿವೆ, ಹೆಚ್ಚಿನವರು ಒಂದನ್ನೇ ಕೇಳಿ ನಿಲ್ಲುತ್ತಾರೆ. ಈ ವ್ಯಕ್ತಿ ಏನು ಮಾಡಬಹುದು ಎಂಬುದು ಒಂದು. ಯಾರ ಮೇಲೆ, ಎಲ್ಲಿಯವರೆಗೆ ಮಾಡಬಹುದು ಎಂಬುದು ಇನ್ನೊಂದು. ನಿಮ್ಮ ಬೆಳಗಾವಿಯ ಎಚ್‌ಆರ್‌ಗೆ ಮ್ಯಾನೇಜರ್ ರೋಲನ್ನು ಸಿಸ್ಟಂ ಮಟ್ಟದಲ್ಲಿ, ಅಂದರೆ ಇಡೀ ಸೈಟಿಗೆ, ಕೊಟ್ಟರೆ ಗೋವಾದವರ ಅಂಕಗಳೂ ಅವರ ಕೈಗೆ ಸಿಗುತ್ತವೆ. ಅದೇ ರೋಲನ್ನು ಕೋರ್ಸ್ ಕೆಟಗರಿಯ ಮಟ್ಟದಲ್ಲಿ ಕೊಟ್ಟರೆ ಆ ಕೆಟಗರಿ, ಅದರೊಳಗಿನ ಉಪಕೆಟಗರಿ, ಅದರೊಳಗಿನ ಕೋರ್ಸುಗಳು, ಅಷ್ಟಕ್ಕೆ ಮಾತ್ರ ಬೇಲಿ ಬೀಳುತ್ತದೆ. ಆದ್ದರಿಂದ ಮೊದಲು ಘಟಕಕ್ಕೊಂದು ಕೆಟಗರಿ ಮಾಡಿ. ಎಲ್ಲ ಘಟಕಗಳಿಗೂ ಸಾಮಾನ್ಯವಾದ ಕೋರ್ಸುಗಳನ್ನು ಬೇರೆ ಕೆಟಗರಿಯಲ್ಲಿಟ್ಟು ಅದನ್ನು ನಿಮ್ಮ ಕೈಯಲ್ಲೇ ಇಟ್ಟುಕೊಳ್ಳಿ.

ಹೊಸ ರೋಲ್ ಮಾಡುವಾಗ ಬಹಳ ಜನ ಮ್ಯಾನೇಜರ್ ರೋಲನ್ನು ನಕಲು ಮಾಡಿ, ಬೇಡದ್ದನ್ನು ಒಂದೊಂದಾಗಿ ತೆಗೆಯುತ್ತಾರೆ. ನೋಡುವುದಕ್ಕೆ ಸುಲಭ. ಆದರೆ ಆ ರೋಲಿಗೆ ಮ್ಯಾನೇಜರ್ ಎಂಬ ಮೂಲಮಾದರಿ ಅಂಟಿಕೊಂಡೇ ಇರುತ್ತದೆ. ಮುಂದೆ ಆವೃತ್ತಿ ಮೇಲ್ದರ್ಜೆಗೆ ಹೋದಾಗ ಹೊಸದಾಗಿ ಬಂದ ಅನುಮತಿಗಳು ಆ ಮಾದರಿಯ ಎಲ್ಲ ರೋಲ್‌ಗಳಿಗೂ ತಾವಾಗಿಯೇ ಸೇರುತ್ತವೆ. ನೀವು ಕತ್ತರಿಸಿ ತೆಳ್ಳಗೆ ಮಾಡಿದ ರೋಲ್ ನಿಮಗೆ ಗೊತ್ತಿಲ್ಲದೆ ಮತ್ತೆ ದಪ್ಪಗಾಗುತ್ತದೆ. ಮೂಲಮಾದರಿ ಯಾವುದೂ ಇಲ್ಲ ಎಂದು ಆರಿಸಿ, ಖಾಲಿಯಿಂದ ಆರಂಭಿಸಿ, ಬೇಕಾದ್ದನ್ನಷ್ಟೇ ಸೇರಿಸಿ. ಈ ರೋಲನ್ನು ಎಲ್ಲೆಲ್ಲಿ ನೀಡಬಹುದು ಎಂಬ ಸಾಲಿನಲ್ಲಿ ಕೆಟಗರಿ ಒಂದಕ್ಕೇ ಟಿಕ್ ಹಾಕಿ. ಆಗ ಯಾರೂ ಅವಸರದಲ್ಲಿ ಅದನ್ನು ಸಿಸ್ಟಂ ಮಟ್ಟದಲ್ಲಿ ಕೊಡಲಾಗುವುದಿಲ್ಲ.

ಅನುಮತಿಗಳ ಆ ಉದ್ದದ ಪುಟದಲ್ಲಿ ಕೆಲವು ಸಾಲುಗಳ ಕೊನೆಗೆ ಸಣ್ಣ ಎಚ್ಚರಿಕೆಯ ಚಿಹ್ನೆಗಳಿವೆ, ಗಮನಿಸಿ: ಸಂರಚನೆ ಬದಲಾಗುವ ಅಪಾಯ, ವೈಯಕ್ತಿಕ ಮಾಹಿತಿಯ ಅಪಾಯ, ದತ್ತಾಂಶ ಅಳಿಸಿಹೋಗುವ ಅಪಾಯ, ಸ್ಪ್ಯಾಮ್ ಹೀಗೆ. ಸಾಲು ಸಾಲಾಗಿ ಎಲ್ಲವನ್ನೂ ಓದಲು ಸಮಯ ಇಲ್ಲದಿದ್ದರೆ ಈ ಚಿಹ್ನೆ ಇರುವ ಸಾಲುಗಳನ್ನಾದರೂ ಓದಿ. ಬಳಕೆದಾರರ ಮಾಹಿತಿ ಸಹಿತ ಬ್ಯಾಕಪ್ ತೆಗೆಯುವ ಅನುಮತಿಯನ್ನು ನಾನು ಘಟಕದ ಯಾರಿಗೂ ಕೊಡುವುದಿಲ್ಲ. ಒಂದು ಫೈಲಿನಲ್ಲಿ ಇಡೀ ಕೋರ್ಸಿನವರ ಹೆಸರು, ಇಮೇಲ್, ಅಂಕ ಎಲ್ಲವೂ ಒಬ್ಬರ ಲ್ಯಾಪ್‌ಟಾಪಿಗೆ ಇಳಿದುಬಿಡುತ್ತವೆ.

ಇನ್ನೊಂದು: ಯಾವ ರೋಲಿನವರು ಬೇರೆ ಯಾವ ರೋಲನ್ನು ಇತರರಿಗೆ ಹಂಚಬಹುದು ಎಂಬ ಚೌಕಗಳ ಕೋಷ್ಟಕ ಬೇರೆಯೇ ಇದೆ. ಘಟಕ ಸಂಯೋಜಕ ತನ್ನಂಥ ಇನ್ನೊಬ್ಬ ಸಂಯೋಜಕನನ್ನು ತಾನೇ ನೇಮಿಸುವಂತಿದ್ದರೆ ನೀವು ಈಗ ಮಾಡುವ ಶುದ್ಧೀಕರಣವೆಲ್ಲ ದೀಪಾವಳಿಯ ಹೊತ್ತಿಗೆ ವ್ಯರ್ಥ. ಅಲ್ಲಿ ಸ್ಟೂಡೆಂಟ್ ಮತ್ತು ಎಡಿಟಿಂಗ್ ಇಲ್ಲದ ಟೀಚರ್, ಈ ಎರಡೇ ಚೌಕಗಳನ್ನು ತೆರೆದಿಡಿ.

ವೆರ್ಣಾ, ಗೋವಾ, ಔಷಧ ಕಾರ್ಖಾನೆ, ಗುಣಮಟ್ಟ ವಿಭಾಗ

ಚಾಕಣದ ಸರ್ ಹೇಳಿದ್ದು ಸರಿ, ಆದರೆ ನಾನು ಇನ್ನೂ ಗಟ್ಟಿಯಾಗಿ ಹೇಳುತ್ತೇನೆ: ಯಾರ ಕೆಲಸದ ಅಳತೆ ತರಬೇತಿ ಪೂರ್ಣಗೊಂಡ ಶೇಕಡಾವಾರಿನ ಮೇಲೆ ನಿಂತಿದೆಯೋ ಅವರ ಕೈಯಲ್ಲಿ ಆ ದಾಖಲೆ ಬದಲಿಸುವ ಅಧಿಕಾರ ಇರಲೇಬಾರದು.

ನಮ್ಮ ಉದ್ಯಮದಲ್ಲಿ ಇದು ಸಲಹೆಯ ಮಾತಲ್ಲ. ಅಮೆರಿಕಕ್ಕೆ ಔಷಧ ಕಳಿಸುವ ಕಾರ್ಖಾನೆಗೆ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ತಪಾಸಕರು ಬಂದಾಗ ಕಾರ್ಮಿಕರ ತರಬೇತಿ ದಾಖಲೆಯನ್ನೂ ಕೇಳುತ್ತಾರೆ. ವಿದ್ಯುನ್ಮಾನ ದಾಖಲೆಗಳ ಬಗೆಗಿನ ಅವರ ನಿಯಮ, ಭಾಗ 11, ಬಂದಿದ್ದು 1997ರಲ್ಲಿ. ಅಧಿಕಾರ ಇದ್ದವರಿಗೆ ಮಾತ್ರ ಪ್ರವೇಶ, ಯಾರು ಯಾವಾಗ ಏನು ಬದಲಿಸಿದರು ಎಂಬುದರ ಸಮಯಸಹಿತ ಜಾಡು, ಇವೆರಡೂ ಅದರಲ್ಲಿವೆ. 2018ರಲ್ಲಿ ದತ್ತಾಂಶದ ಪ್ರಾಮಾಣಿಕತೆಯ ಬಗ್ಗೆ ಪ್ರಶ್ನೋತ್ತರ ರೂಪದಲ್ಲಿ ಅವರು ಕೊಟ್ಟ ಮಾರ್ಗದರ್ಶನದಲ್ಲಿ, ಸಿಸ್ಟಂ ಅಡ್ಮಿನ್ ಆದವರು ದಾಖಲೆಯ ಒಳವಿಷಯಕ್ಕೆ ಹೊಣೆಗಾರರಾದವರಿಗಿಂತ ಬೇರೆಯವರಾಗಿರಲಿ ಎಂದಿದೆ. ಸಾಮೂಹಿಕ ಲಾಗಿನ್‌ಗೆ ಅಲ್ಲಿ ಪ್ರತ್ಯೇಕ ಪ್ರಶ್ನೆಯೇ ಇದೆ. ಯಾರು ಮಾಡಿದರು ಎಂದು ಒಬ್ಬ ವ್ಯಕ್ತಿಯತ್ತ ಬೆರಳು ಹೋಗದ ದಾಖಲೆಗೆ ತಪಾಸಕರ ಮುಂದೆ ಮೂರು ಕಾಸಿನ ಬೆಲೆ ಇಲ್ಲ. ನಿಮ್ಮದು ಔಷಧ ಕಂಪನಿಯಲ್ಲದಿರಬಹುದು, ಆದರೂ ಆ ಚೀಟಿಗಳನ್ನು ನಾಳೆಯೇ ಹರಿಯಿರಿ.

ಮೂಡಲ್‌ನಲ್ಲಿ ನಾನು ಹುಡುಕಿ ಮುಚ್ಚಿಸುವ ಕಿಂಡಿಗಳು ಮೂರು. ಚಟುವಟಿಕೆ ಪೂರ್ಣಗೊಂಡಿದೆ ಎಂದು ಕಲಿಯುವವರ ಬದಲು ಮೇಲಿನವರೇ ಗುರುತು ಹಾಕುವ ಅನುಮತಿ. ಇದು ಟೀಚರ್ ರೋಲಿಗೂ ಮೊದಲಿನಿಂದಲೇ ಸಿಕ್ಕಿರುತ್ತದೆ. ಅಂಕಪಟ್ಟಿಯಲ್ಲಿ ಕೈಯಾರೆ ಅಂಕ ತಿದ್ದುವ ಅನುಮತಿ ಇನ್ನೊಂದು. ಮೂರನೆಯದು ಎಲ್ಲಕ್ಕಿಂತ ಮೋಸದ್ದು, ರಸಪ್ರಶ್ನೆಯ ಪ್ರಯತ್ನವನ್ನು ಅಳಿಸುವ ಅನುಮತಿ. ಅನುತ್ತೀರ್ಣನಾದವನ ಪ್ರಯತ್ನವನ್ನು ಅಳಿಸಿ, ಪಕ್ಕದಲ್ಲಿ ಕೂತು ಮತ್ತೆ ಬರೆಸಿದರೆ ವರದಿಯಲ್ಲಿ ಆತ ಮೊದಲ ಯತ್ನದಲ್ಲೇ ಪಾಸಾದವನಂತೆ ಕಾಣುತ್ತಾನೆ. ಲಾಗ್‌ನಲ್ಲಿ ಅಳಿಸಿದ ಗುರುತು ಉಳಿದಿರುತ್ತದೆ, ಆದರೆ ಲಾಗ್ ತೆರೆದು ನೋಡುವವರು ಯಾರು?

ಅಂಧೇರಿ, ಐಟಿ ಬೆಂಬಲ

ನೀವಿಬ್ಬರೂ ಹೇಳುವುದನ್ನು ಕೇಳಿದರೆ ಘಟಕದ ಎಚ್‌ಆರ್ ಅಂದರೆ ಕಳ್ಳರೇನೋ ಅನ್ನಿಸುತ್ತದೆ. ಪಾಪ, ರಾತ್ರಿ ಪಾಳಿಯ ಗುತ್ತಿಗೆ ಕಾರ್ಮಿಕನಿಗೆ ಬೆಳಗ್ಗೆ ಆರಕ್ಕೆ ಮೊದಲು ಸುರಕ್ಷತಾ ಕೋರ್ಸ್ ಮುಗಿಸಿ ಗೇಟ್ ಪಾಸ್ ಕೊಡಬೇಕು, ಆ ಹೊತ್ತಿಗೆ ಹಿಂಜವಡಿಯಲ್ಲಿ ಯಾರೂ ಫೋನ್ ಎತ್ತುವುದಿಲ್ಲ. ಚೀಟಿಯ ಪಾಸ್‌ವರ್ಡ್ ಹುಟ್ಟುವುದು ಇಂಥ ಹೊತ್ತಿನಲ್ಲಿ. ಕೊಡಬೇಡಿ ಎನ್ನುವ ಮೊದಲು ಆ ಕೆಲಸ ಬೇರೆ ದಾರಿಯಲ್ಲಿ ಆಗುವಂತೆ ಮಾಡಿ.

ಒಂದು ಉದಾಹರಣೆ. ಹೊಸ ಬಳಕೆದಾರರನ್ನು ಸೃಷ್ಟಿಸುವುದು, ಎಕ್ಸೆಲ್ ಹಾಳೆಯನ್ನು ಸಿಎಸ್‌ವಿ ಮಾಡಿ ಒಟ್ಟಿಗೆ ಏರಿಸುವುದು, ಇವೆರಡೂ ಸಿಸ್ಟಂ ಮಟ್ಟದ ಅನುಮತಿಗಳು. ಚಾಕಣದ ಸರ್ ಹೇಳಿದ ಹಾಗೆ ಕೆಟಗರಿ ಮಟ್ಟದಲ್ಲಿ ಏನು ಕೊಟ್ಟರೂ ಇವು ಕೆಲಸ ಮಾಡುವುದಿಲ್ಲ. ಘಟಕದವರು ಹಾಳೆ ಏರಿಸಲು ಆಗುತ್ತಿಲ್ಲ ಎಂದು ಕೂಗುತ್ತಾರೆ, ಯಾರೋ ಸೋತು ಮತ್ತೆ ಸೈಟ್ ಅಡ್ಮಿನ್ ಮಾಡುತ್ತಾರೆ. ಒಂದು ಫ್ಲ್ಯಾಟಿನ ಬಾಡಿಗೆದಾರನಿಗೆ ಇಡೀ ಸೊಸೈಟಿಯ ಬೀಗದ ಗೊಂಚಲು ಕೊಟ್ಟಂತೆ. ಬಳಕೆದಾರರು ಎಚ್‌ಆರ್ ತಂತ್ರಾಂಶದಿಂದಲೇ ಎಲ್‌ಎಂಎಸ್‌ಗೆ ಹರಿದುಬರಲಿ. ಘಟಕದವರು ಬಂದ ಹೆಸರುಗಳನ್ನು ತಮ್ಮ ಕೆಟಗರಿಯ ಕೊಹಾರ್ಟ್‌ಗೆ (ಬಳಕೆದಾರರ ಗುಂಪಿಗೆ) ಸೇರಿಸಿದರೆ ಸಾಕು, ಕೋರ್ಸಿನ ನೋಂದಣಿ ತಾನಾಗಿ ಆಗುತ್ತದೆ. ಕೊಹಾರ್ಟ್ ನಿರ್ವಹಣೆಯನ್ನು ಕೆಟಗರಿ ಮಟ್ಟದಲ್ಲಿ ಕೊಡಬಹುದು.

ಮತ್ತೆ, ಅಡ್ಮಿನ್‌ಗಳು ಕಡಿಮೆ ಇರಲಿ ಎಂದು ಒಬ್ಬರನ್ನೇ ಉಳಿಸಿಕೊಳ್ಳಬೇಡಿ. ಗಣಪತಿ ಹಬ್ಬಕ್ಕೆ ಕೊಂಕಣಕ್ಕೆ ಹೋದವರು ರೈಲಿನಲ್ಲಿ ಸುರಂಗದೊಳಗೆ ಇರುವಾಗಲೇ ನಿಮಗೆ ಅಡ್ಮಿನ್ ಬೇಕಾಗುತ್ತದೆ. ಕನಿಷ್ಠ ಇಬ್ಬರಿರಲಿ, ಇಬ್ಬರೂ ಒಟ್ಟಿಗೆ ರಜೆ ಹಾಕದಿರಲಿ. ಕಂಪನಿಯ ಏಕ ಲಾಗಿನ್ (ಪ್ರತಿಯೊಬ್ಬರಿಗೂ ಎಲ್ಲ ತಂತ್ರಾಂಶಕ್ಕೂ ತಮ್ಮದೊಂದೇ ಲಾಗಿನ್) ಮೂಲಕವೇ ಎಲ್ಲರೂ ಒಳಬರುವಂತಿದ್ದರೆ ಅದು ಕೆಟ್ಟ ದಿನ ಅಡ್ಮಿನ್ ಕೂಡ ಹೊರಗೇ ನಿಲ್ಲುತ್ತಾರೆ. ಮೂಡಲ್‌ನ ಸ್ವಂತ ಪಾಸ್‌ವರ್ಡಿನ ಒಂದು ತುರ್ತು ಖಾತೆ ಇರಲಿ, ಪಾಸ್‌ವರ್ಡ್ ಮುಚ್ಚಿದ ಲಕೋಟೆಯಲ್ಲಿ ಐಟಿ ಮುಖ್ಯಸ್ಥರ ಬಳಿ ಇರಲಿ. ಲಕೋಟೆ ಒಡೆದರೆ ಮರುದಿನ ಹೊಸ ಪಾಸ್‌ವರ್ಡ್, ಹೊಸ ಲಕೋಟೆ.

ಹಿಂಜವಡಿ, ತರಬೇತಿ ವಿಭಾಗ

ಎಲ್ಲರಿಗೂ ಧನ್ಯವಾದ. ಇಂದು ಪಟ್ಟಿ ಹಿಡಿದು ಒಬ್ಬೊಬ್ಬರಿಗೂ ಫೋನ್ ಮಾಡಿದೆ. ಅಡ್ಮಿನ್ ಅಧಿಕಾರ ಏತಕ್ಕೆ ಬೇಕು ಎಂದು ಕೇಳಿದರೆ ಒಂದು ಘಟಕದ ಮುಖ್ಯಸ್ಥರು ತಮ್ಮ ಜನರಲ್ಲಿ ಯಾರು ಕೋರ್ಸ್ ಮುಗಿಸಿಲ್ಲ ಎಂದು ಪ್ರತಿ ಸೋಮವಾರ ನೋಡಬೇಕು ಎಂದರು. ಇನ್ನಿಬ್ಬರದೂ ಅದೇ ಉತ್ತರ. ಒಬ್ಬರು ಮಾತ್ರ, ಮೊದಲಿನಿಂದ ಇದೆಯಲ್ಲ, ಇರಲಿ ಬಿಡಿ ಎಂದರು. ಬರೀ ವರದಿ ಬೇಕಾದವರಿಗೆ ಯಾವ ರೋಲ್ ಕೊಡಲಿ?

ಖರಾಡಿ, ಸಲಹಾ ಸಂಸ್ಥೆ

ಅವರಿಗೆ ರೋಲೇ ಬೇಡ, ಇಮೇಲ್ ಸಾಕು. ಮೂಡಲ್ 4.0ರಿಂದ, ಅಂದರೆ 2022ರಿಂದ, ನಾವೇ ವರದಿ ಕಟ್ಟಿಕೊಳ್ಳುವ ಸೌಲಭ್ಯ ಅದರಲ್ಲೇ ಬಂದಿದೆ. ವರದಿ ಯಾರಿಗೆ ಕಾಣಬೇಕು ಎಂದು ಸೇರಿಸಬಹುದು, ಸೋಮವಾರ ಬೆಳಗ್ಗೆ ಹಾಳೆಯಾಗಿ ಇಮೇಲಿಗೆ ಹೋಗುವಂತೆ ವೇಳಾಪಟ್ಟಿ ಹಾಕಬಹುದು. ಅಡ್ಮಿನ್ ಕೇಳುವ ಬಹುಪಾಲು ಸಾಹೇಬರಿಗೆ ಬೇಕಾಗಿರುವುದು ಒಂದು ಎಕ್ಸೆಲ್ ಹಾಳೆ ಎಂಬುದು ನನಗಂತೂ ಹಳೆಯ ಅನುಭವ.

ಒಂದು ಎಚ್ಚರ. ವರದಿಯ ಪ್ರೇಕ್ಷಕರ ಪಟ್ಟಿಯು ವರದಿಯನ್ನು ಯಾರು ತೆರೆಯಬಹುದು ಎಂದು ಮಾತ್ರ ನಿರ್ಧರಿಸುತ್ತದೆ, ಒಳಗೆ ಯಾರ ಸಾಲುಗಳು ಕಾಣಬೇಕು ಎಂದಲ್ಲ. ಒಂದೇ ವರದಿಗೆ ಮೂರೂ ಘಟಕದ ಮುಖ್ಯಸ್ಥರನ್ನು ಸೇರಿಸಿದರೆ ಮೂವರಿಗೂ ಎಲ್ಲರ ಅಂಕ ಕಾಣುತ್ತದೆ. ಘಟಕಕ್ಕೊಂದು ವರದಿ ಮಾಡಿ, ಅದರಲ್ಲಿ ಬಳಕೆದಾರರ ವಿಭಾಗದ ಮೇಲೆ ಷರತ್ತು ಹಾಕಿ. ಪ್ರೊಫೈಲಿನಲ್ಲಿ ವಿಭಾಗದ ಹೆಸರು ಒಂದೇ ರೀತಿ ಇರಬೇಕು. ಬೆಳಗಾವಿ ಎಂದು ಕೆಲವರದು, ಬೆಳಗಾಂ ಎಂದು ಇನ್ನು ಕೆಲವರದು ಇದ್ದರೆ ಅರ್ಧ ಜನ ವರದಿಯಿಂದ ಮಾಯ.

ಬೇರೆ ಎಲ್‌ಎಂಎಸ್ ಬಳಸುವವರು ಇದನ್ನು ಓದುತ್ತಿದ್ದರೆ: ಡೊಸೆಬೊದಲ್ಲಿ ಪವರ್ ಯೂಸರ್‌ಗೆ ಅನುಮತಿಗಳ ಪ್ರೊಫೈಲ್ ಬೇರೆ, ಅವರಿಗೆ ಒಪ್ಪಿಸಿದ ಜನ ಮತ್ತು ಕೋರ್ಸುಗಳು ಬೇರೆ. ಸಕ್ಸೆಸ್‌ಫ್ಯಾಕ್ಟರ್ಸ್ ಲರ್ನಿಂಗ್‌ನಲ್ಲಿ ರೋಲ್ ಜತೆಗೆ ಡೊಮೈನ್ ನಿರ್ಬಂಧ. ಹೆಸರುಗಳು ಬದಲಾಗುತ್ತವೆ, ಚಾಕಣದ ಸರ್ ಹೇಳಿದ ಎರಡು ಪ್ರಶ್ನೆಗಳು ಅಲ್ಲೂ ಅವೇ.

ಬಾಂದ್ರಾ ಕುರ್ಲಾ ಸಂಕೀರ್ಣ, ಆಂತರಿಕ ಆಡಿಟ್

ನಾನು ಮೇಜಿನ ಆ ಕಡೆ ಕೂರುವವನು, ಆದ್ದರಿಂದ ಹೇಳುತ್ತೇನೆ. ಆಡಿಟರ್ ನಿಮ್ಮ ರೋಲ್‌ಗಳ ಸೊಗಸನ್ನು ನೋಡುವುದಿಲ್ಲ. ಮಾಹಿತಿ ಸುರಕ್ಷತೆಯ ಮಾನದಂಡವಾದ ಐಎಸ್‌ಒ 27001ರ 2022ರ ಆವೃತ್ತಿಯಲ್ಲಿ ವಿಶೇಷ ಅಧಿಕಾರಗಳಿಗೆ 8.2, ಪ್ರವೇಶದ ಹಕ್ಕುಗಳಿಗೆ 5.18, ಕರ್ತವ್ಯಗಳ ವಿಭಜನೆಗೆ 5.3 ಎಂಬ ಅಂಶಗಳಿವೆ. ಇವುಗಳಿಂದ ಹುಟ್ಟುವ ಪ್ರಶ್ನೆಗಳು ಸರಳ. ಇವರಿಗೆ ಅಧಿಕಾರ ಕೊಟ್ಟಿದ್ದು ಯಾರು, ಒಪ್ಪಿಗೆ ಎಲ್ಲಿದೆ, ಕೊನೆಯ ಬಾರಿ ಪಟ್ಟಿ ಪರಿಶೀಲಿಸಿದ್ದು ಯಾವಾಗ, ಕೆಲಸ ಬಿಟ್ಟವರ ಪಟ್ಟಿಯಿಂದ ಒಂದು ಹೆಸರು ಆರಿಸುತ್ತೇನೆ, ಅವರ ಖಾತೆ ಯಾವ ದಿನ ಮುಚ್ಚಿತು ತೋರಿಸಿ. ಕೊನೆಯದರಲ್ಲೇ ಹೆಚ್ಚಿನವರು ಸಿಕ್ಕಿಬೀಳುತ್ತಾರೆ.

ಲಾಗ್ ಎಷ್ಟು ದಿನ ಉಳಿಯುತ್ತದೆ ಎಂಬ ಸೆಟ್ಟಿಂಗ್ ನೋಡಿಕೊಳ್ಳಿ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು. ಡಿಸ್ಕ್ ತುಂಬಿತೆಂದು ಯಾರಾದರೂ ಅದಕ್ಕಿಂತ ಕಡಿಮೆ ಮಾಡಿಟ್ಟಿದ್ದರೆ ಸರಿಪಡಿಸಿ. ತರಬೇತಿ ದಾಖಲೆ ತಾನೆ, ಏನು ಮಹಾ ಗುಟ್ಟು ಎನ್ನುವವರಿಗೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ತೋರಿಸಿ. ಸೂಕ್ತ ಸುರಕ್ಷತಾ ಕ್ರಮ ಇಲ್ಲದೆ ದತ್ತಾಂಶ ಸೋರಿದರೆ ಅದರಲ್ಲಿ ಹೇಳಿರುವ ದಂಡದ ಮಿತಿ 250 ಕೋಟಿ ರೂಪಾಯಿವರೆಗೆ ಹೋಗುತ್ತದೆ. ಆ ಅಂಕಿ ಕೇಳಿದ ಮೇಲೆ ‘ಇರಲಿ ಬಿಡಿ’ ಎಂದವರು ಸಾಮಾನ್ಯವಾಗಿ ಫೋನ್ ತಾವೇ ಮಾಡುತ್ತಾರೆ.

ಬೇರೆಯವರ ಹೆಸರಿನಲ್ಲಿ ಒಳಹೋಗುವ ಅನುಮತಿ ಮ್ಯಾನೇಜರ್ ರೋಲಿಗೆ ಮೊದಲಿನಿಂದಲೇ ಇರುತ್ತದೆ. ಹಾಗೆ ಹೋದಾಗ ಇಂಥವರು ಇಂಥವರಾಗಿ ಎಂದು ಲಾಗ್‌ನಲ್ಲಿ ಎರಡೂ ಹೆಸರು ಬೀಳುತ್ತವೆ, ಅದು ಒಳ್ಳೆಯದು. ಆದರೂ ತೊಂದರೆ ಪರಿಹರಿಸುವ ಐಟಿಯವರನ್ನು ಬಿಟ್ಟು ಯಾರಿಗೂ ಅದು ಬೇಡ. ಕಾರ್ಮಿಕನ ಬದಲು ಮೇಲ್ವಿಚಾರಕನೇ ಕೋರ್ಸ್ ಮುಗಿಸಲು ಇದಕ್ಕಿಂತ ಸುಲಭದ ದಾರಿ ಇಲ್ಲ.

ಚಾಕಣ, ಬಿಡಿಭಾಗ ಕಾರ್ಖಾನೆ, ತರಬೇತಿ ಸಂಯೋಜಕ

ಅಂಧೇರಿಯವರು ಬಳಕೆದಾರರ ಹಾಳೆಯ ವಿಷಯ ಎತ್ತಿದ್ದು ಒಳ್ಳೆಯದಾಯಿತು, ಅದನ್ನು ನಾನು ಹೇಳಿರಲಿಲ್ಲ. ಕಳ್ಳರು ಎಂದು ನಾನು ಅಂದಿಲ್ಲ ಸರ್, ಅದು ವೆರ್ಣಾದವರ ಖಾತೆಗೆ ಬರೆದುಕೊಳ್ಳಿ!

ಮೇಡಂ, ಹೊಸ ರೋಲನ್ನು ಪರೀಕ್ಷಿಸುವಾಗ ನಿಮ್ಮ ಅಡ್ಮಿನ್ ಲಾಗಿನ್‌ನಿಂದ ನೋಡಿ ಸರಿ ಇದೆ ಎನ್ನಬೇಡಿ, ನಿಮಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಒಂದು ಪರೀಕ್ಷಾ ಖಾತೆ ಮಾಡಿ, ಅದಕ್ಕೆ ಬೆಳಗಾವಿ ಕೆಟಗರಿಯ ರೋಲ್ ಕೊಟ್ಟು, ಬೇರೆ ಬ್ರೌಸರಿನಲ್ಲಿ ಒಳಹೋಗಿ ಗೋವಾದ ಕೋರ್ಸಿನ ವಿಳಾಸವನ್ನು ನೇರವಾಗಿ ಅಂಟಿಸಿ. ಮೆನುವಿನಲ್ಲಿ ಕಾಣದ್ದು ವಿಳಾಸದಿಂದ ತೆರೆದರೆ ಬೇಲಿ ಹರಿದಿದೆ ಎಂದರ್ಥ. ಎಲ್ಲಿ ಹರಿದಿದೆ ಎಂದು ಗೊತ್ತಾಗದಿದ್ದರೆ ಆ ಕೋರ್ಸಿನಲ್ಲಿ ಚೆಕ್ ಪರ್ಮಿಷನ್ಸ್ ಪುಟ ತೆರೆದು ಆ ಖಾತೆಯನ್ನು ಆರಿಸಿ. ಯಾವ ಅನುಮತಿ ಇದೆ, ಯಾವುದು ಇಲ್ಲ ಎಂದು ಸಾಲುಸಾಲಾಗಿ ತೋರಿಸುತ್ತದೆ.

ಒಬ್ಬರಿಗೆ ಎರಡು ರೋಲ್ ಇದ್ದಾಗ ಗೊಂದಲ ಹೆಚ್ಚು. ಒಂದು ರೋಲಿನಲ್ಲಿ ಪ್ರಿವೆಂಟ್ (ತಡೆ) ಹಾಕಿದ್ದನ್ನು ಇನ್ನೊಂದು ರೋಲಿನ ಅನುಮತಿ ಮೀರಿಬಿಡಬಹುದು. ಪ್ರೊಹಿಬಿಟ್ (ಪೂರ್ಣ ನಿಷೇಧ) ಹಾಕಿದರೆ ಕೆಳಗಿನ ಯಾವ ಮಟ್ಟದಲ್ಲೂ, ಬೇರೆ ಯಾವ ರೋಲಿನಿಂದಲೂ ಅದನ್ನು ಮೀರಲಾಗದು. ಅಂಕ ತಿದ್ದುವುದು, ಪ್ರಯತ್ನ ಅಳಿಸುವುದು, ವೆರ್ಣಾದವರು ಹೇಳಿದ ಇಂಥವಕ್ಕೆ ಮಾತ್ರ ಪ್ರೊಹಿಬಿಟ್ ಬಳಸಿ. ಎಲ್ಲದಕ್ಕೂ ಹಾಕಿದರೆ ಆರು ತಿಂಗಳ ನಂತರ ಏಕೆ ಕೆಲಸ ಮಾಡುತ್ತಿಲ್ಲ ಎಂದು ಹುಡುಕುತ್ತಾ ತಲೆ ಕೆಡುತ್ತದೆ.

ಐರೋಳಿ, ಎಲ್‌ಎಂಎಸ್ ನಿರ್ವಹಣೆ

ಅಕ್ಕಾ, ತೆಗೆದುಹಾಕುವ ಕ್ರಮದ ಬಗ್ಗೆ ಯಾರೂ ಹೇಳಲಿಲ್ಲ, ಅದನ್ನಷ್ಟು ಹೇಳುತ್ತೇನೆ. ಮೊದಲು ಹೊಸ ರೋಲ್ ಕೊಡಿ, ಒಂದು ವಾರ ಅವರು ಎರಡೂ ಇಟ್ಟುಕೊಂಡಿರಲಿ, ಆಮೇಲೆ ಸೈಟ್ ಅಡ್ಮಿನ್ ಪಟ್ಟಿಯಿಂದ ತೆಗೆಯಿರಿ. ನಿಮ್ಮ ಹೆಸರಿನಿಂದ ಇಮೇಲ್ ಹೋಗುವುದು ಬೇಡ. ನೀವು ಹೊಸಬರು, ವೈಯಕ್ತಿಕವಾಗಿ ತೆಗೆದುಕೊಳ್ಳುತ್ತಾರೆ. ಎಚ್‌ಆರ್ ಮುಖ್ಯಸ್ಥರೋ ಐಟಿ ಮುಖ್ಯಸ್ಥರೋ ಆಡಿಟ್ ಕಾರಣ ಕೊಟ್ಟು ಕಳಿಸಲಿ. ಶುಕ್ರವಾರ ಸಂಜೆ ಮಾಡಬೇಡಿ, ಮಂಗಳವಾರ ಬೆಳಗ್ಗೆ ಮಾಡಿ. ಏನಾದರೂ ನಿಂತರೆ ಸರಿಪಡಿಸುವವರು ಕಚೇರಿಯಲ್ಲಿ ಇರುತ್ತಾರೆ.

ಪಟ್ಟಿಯಲ್ಲಿ ಮೊದಲಿಗಿರುವ ಮುಖ್ಯ ಅಡ್ಮಿನ್ ಖಾತೆಯನ್ನು ನೇರವಾಗಿ ತೆಗೆಯಲು ಬರುವುದಿಲ್ಲ. ಅದು ಏಜೆನ್ಸಿಯವರ ಹೆಸರಿನಲ್ಲಿದ್ದರೆ ಮೊದಲು ನಿಮ್ಮವರೊಬ್ಬರನ್ನು ಮುಖ್ಯ ಅಡ್ಮಿನ್ ಮಾಡಿ, ನಂತರ ಅವರದನ್ನು ತೆಗೆಯಿರಿ.

ಆದರೆ ಏಜೆನ್ಸಿಯ ಖಾತೆಗಳನ್ನು ಮುಟ್ಟುವ ಮೊದಲು ವೆಬ್ ಸರ್ವಿಸ್ ಟೋಕನ್‌ಗಳ (ಬೇರೆ ತಂತ್ರಾಂಶಗಳು ಒಳಬರಲು ಬಳಸುವ ಕೀಲಿಗಳ) ಪಟ್ಟಿ ತೆರೆದು ನೋಡಿ. ಎಚ್‌ಆರ್ ತಂತ್ರಾಂಶದಿಂದ ರಾತ್ರಿ ಹೆಸರುಗಳು ಬರುವ ವ್ಯವಸ್ಥೆ ಯಾರದೋ ಖಾತೆಯ ಟೋಕನ್ ಮೇಲೆ ನಡೆಯುತ್ತಿರುತ್ತದೆ, ಎಷ್ಟೋ ಕಡೆ ಅದು ಸ್ಥಾಪಿಸಿಕೊಟ್ಟ ಹುಡುಗನ ಅಡ್ಮಿನ್ ಖಾತೆಯದೇ. ಆ ಖಾತೆಯ ಅಧಿಕಾರ ತೆಗೆದ ರಾತ್ರಿಯಿಂದ ಹೊಸ ನೌಕರರು ಬರುವುದು ನಿಲ್ಲುತ್ತದೆ, ಕಾರಣ ತಿಳಿಯುವುದು ಯಾರಾದರೂ ಹೊಸಬರು ಲಾಗಿನ್ ಆಗುತ್ತಿಲ್ಲ ಎಂದು ದೂರಿದಾಗ. ಇದಕ್ಕೆಂದೇ ಒಂದು ಪ್ರತ್ಯೇಕ ಖಾತೆ ಮಾಡಿ, ಬಳಕೆದಾರರನ್ನು ಸೃಷ್ಟಿಸಲು ಮತ್ತು ತಿದ್ದಲು ಬೇಕಾದಷ್ಟೇ ಅನುಮತಿ ಕೊಟ್ಟು, ಅದರ ಹೆಸರಿನಲ್ಲಿ ಹೊಸ ಟೋಕನ್ ತೆಗೆಯಿರಿ. ಎಚ್‌ಆರ್ ತಂತ್ರಾಂಶದವರಿಗೆ ಹೊಸದನ್ನು ಹಾಕಲು ಹೇಳಿ, ಎರಡು ರಾತ್ರಿ ಹೆಸರುಗಳು ಸರಿಯಾಗಿ ಬಂದದ್ದು ಕಂಡ ಮೇಲೆ ಹಳೆಯ ಟೋಕನ್ ಅಳಿಸಿ. ಖಾತೆ ಮುಚ್ಚುವುದು ಆಮೇಲೆ.